ಢಾಬಾದ ಗೇಟಿನ ಸರ್ದಾರ

“ಇವತ್ತಿನಿಂದ ಇದನ್ನೂ ನೀನೇ ನೋಡಿಕೊಳ್ಳಬೇಕು ಮಾರಾಯ. ಹೇಗೂ ಗೇಟಿನಲ್ಲಿ ನಿಂತೇ ಇರ್ತಿ ಅಲ್ವಾ,” ಎನ್ನುತ್ತಾ ದೇವದಾಸರು ಗಾಜಿನ ಪೆಟ್ಟಿಗೆಯೊಂದನ್ನು ಸ್ಟೂಲಿನ ಮೇಲೆ ಇಟ್ಟರು. ಪೆಟ್ಟಿಗೆಯೊಳಗೆ ಸಿಗರೇಟು, ಮೇಲಿನ ಕೋಲಿನಲ್ಲಿ ಗುಟ್ಕಾ ಪೊಟ್ಟಣಗಳ ಮಾಲೆ. ಹನುಮೇಶ ಎರಡು ಹೆಜ್ಜೆ ಹಿಂದೆ ಸರಿದ. ಪಾತ್ರೆ ತೊಳೆಯುವ ಕಟ್ಟೆಯಿಂದ ಇದನ್ನು ಕಂಡ ಅವನ ಹೆಂಡತಿ ರಾಚವ್ವನ ಕೈಯಲ್ಲಿದ್ದ ತೆಂಗಿನ ನಾರು ತಟ್ಟೆಯ ಮೇಲೆಯೇ ನಿಂತುಬಿಟ್ಟಿತು.

“ಸಾವಕಾರ್ರ, ಇದೊಂದು ಬ್ಯಾಡ್ರಿ,” ಎಂದ ಹನುಮೇಶ. “ಪೇಟ ಸುತ್ತಿದವರು ತಂಬಾಕು ಮುಟ್ಟಬಾರದ್ರಿ.”

“ಎಂತ? ನೀನು ಕುಷ್ಟಗಿ ಕಡೆಯ ಹನುಮೇಶ. ಸರ್ದಾರ್ಜಿ ಆದದ್ದು ನನ್ನ ಢಾಬಾಕ್ಕೆ ಬಂದ ಮೇಲೆ. ಮರೆತುಹೋಯ್ತಾ?” ದೇವದಾಸರ ದನಿಯಲ್ಲಿ ಸಿಟ್ಟಿರಲಿಲ್ಲ, ನಗುವೇ ಇತ್ತು. “ಆಗುವುದಿಲ್ಲ ಅಂದ್ರೆ ಈಗಲೇ ಹೇಳು. ಪೇಟ ಇಡ್ಲಿಕ್ಕೆ ಬೇರೆ ತಲೆ ಸಿಗ್ತದೆ. ನಾನು ಏಳು ಗಂಟೆಗೆ ಬರ್ತೇನೆ.”

ಅವರು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಹೆದ್ದಾರಿ ಅಗಲವಾಗುವುದಕ್ಕೆ ಮುಂಚಿನ ಮಾತು. ಕಾಪುವಿನಲ್ಲಿ ಪಂಜಾಬಿ ಢಾಬಾ ತೆರೆದ ಅವರಿಗೆ, ಓಡುವ ಕಾರುಗಳ ಕಣ್ಣಿಗೆ ಬೀಳುವಂತೆ ಗೇಟಿನಲ್ಲೊಬ್ಬ ಸರ್ದಾರ ಬೇಕಿತ್ತು. ಪಕ್ಕದ ಕಟ್ಟಡಕ್ಕೆ ಕಲ್ಲು ಹೊರುತ್ತಿದ್ದ ಆರಡಿ ಆಳು ಹನುಮೇಶ ಸಿಕ್ಕಿದ. ಹೊಲಿದ ಪೇಟ, ಕಿವಿಗೆ ದಾರ ಸಿಕ್ಕಿಸುವ ಗಡ್ಡ. ಹಾಗೇ ನಡೆಯುತ್ತಿರುವಾಗ ಒಂದು ಭಾನುವಾರ ಮಣಿಪಾಲದಲ್ಲಿ ಓದುವ ಜಸ್‌ಪಾಲ್ ಎಂಬ ನಿಜವಾದ ಸರ್ದಾರ ಹುಡುಗ ಊಟಕ್ಕೆ ಬಂದ. ಇವನನ್ನು ಕಂಡು ಹಿಗ್ಗಿ, ಕೈ ಮುಗಿದು ತನ್ನ ಭಾಷೆಯಲ್ಲಿ ಮಾತಾಡಿಸಿದ. ಹನುಮೇಶನಿಗೆ ದಿಕ್ಕು ತೋಚಲಿಲ್ಲ. ಊರಿನಲ್ಲಿ ಗೌಡರು ಎದುರಾದರೆ ತಲೆಯ ಟವೆಲು ತೆಗೆಯುವ ರೂಢಿ; ಅದೇ ರೂಢಿಯಲ್ಲಿ ಪೇಟವನ್ನು ಕಿತ್ತು ಕಂಕುಳಲ್ಲಿ ಇಟ್ಟುಕೊಂಡು ತಲೆ ಬಗ್ಗಿಸಿ ನಿಂತ. ಹುಡುಗ ನಗಲಿಲ್ಲ, ಬೈಯಲೂ ಇಲ್ಲ. ಮುಂದಿನ ಭಾನುವಾರ ಆರು ಮೀಟರು ನೀಲಿ ಬಟ್ಟೆ ತಂದು, ಒಂದೊಂದೇ ಸುತ್ತು ಕಟ್ಟುವುದನ್ನು ಕಲಿಸಿದ. ಇದನ್ನು ಯಾರ ಮುಂದೆಯೂ ತೆಗೆಯಬೇಡ, ಇದು ಇರುವವರೆಗೆ ತಂಬಾಕು ಮುಟ್ಟಬೇಡ ಎಂದ.

ಅವತ್ತು ಹನುಮೇಶ ಉಗುಳಿದ ಗುಟ್ಕಾವೇ ಕೊನೆ. ಆರು ವರ್ಷ ರಾಚವ್ವ ಅತ್ತು ಕರೆದು, ಉಪವಾಸ ಬಿದ್ದು, ಹನುಮಪ್ಪನ ಮೇಲೆ ಆಣೆ ಹಾಕಿಸಿದರೂ ಬಿಡದ ಚಟ ಒಂದು ಬಟ್ಟೆಯ ಮಾತಿಗೆ ಬಿಟ್ಟುಹೋಯಿತು. ಸ್ವಂತ ಗಡ್ಡ ಬಂತು, ಕೈಗೆ ಕಬ್ಬಿಣದ ಕಡಗ ಬಂತು. ಕೆನ್ನೆಯೊಳಗಿನ ಬಿಳಿ ಮಚ್ಚೆ ತೋರಿಸಿ, ಹೀಗೇ ತಿಂದರೆ ದವಡೆ ತೆಗೆಯಬೇಕಾದೀತು ಎಂದಿದ್ದ ಡಾಕ್ಟರು ಮೊನ್ನೆ ಟಾರ್ಚು ಹಾಕಿ ನೋಡಿ ಬೆನ್ನು ತಟ್ಟಿದ್ದರು. ರಾಚವ್ವನಿಗೆ ಆ ಬಟ್ಟೆಯ ಮೇಲೆ ಸವತಿಯ ಮೇಲೆ ಇರುವಂಥ ಹೊಟ್ಟೆಕಿಚ್ಚು. ಆದರೂ ಅದನ್ನು ಒಗೆದು, ನೆಲಕ್ಕೆ ತಾಗದ ಹಾಗೆ ಹರವುವವಳು ಅವಳೇ.

ಹನುಮೇಶ ಪಾತ್ರೆ ತೊಳೆಯುವ ಕಟ್ಟೆಗೆ ಬಂದು ಕುಳಿತ. ಪೇಟದ ತುದಿಗೆ ಕೈ ಹಾಕಿದ.

“ಏನ್ ಮಾಡಾಕತ್ತೀರಿ?”

“ಬಿಚ್ಚತೀನಿ. ಆ ಹೊಲಿದದ್ದು ಮೂಲ್ಯಾಗ ಬಿದ್ದೈತಲ್ಲ, ಅದನ್ನ ಇಟ್ಕೊಂಡು ಮಾರತೀನಿ. ಅದು ಬರೇ ವೇಷ. ಅದಕ್ಕ ನೇಮ ಇಲ್ಲ.”

“ನೇಮ ಇಲ್ಲಂದ ಮ್ಯಾಲ ಬಾಯಿ ಕೇಳತೈತೇನು? ದಿನಾ ಮೂಗಿನ ಮುಂದ ಆ ಮಾಲಿ ತೂಗತಿರತೈತಿ.”

ಅವನ ಕಣ್ಣು ಗೇಟಿನ ಬಳಿಯ ಮಾಲೆಯ ಕಡೆಗೇ ಇತ್ತು. ಆ ನೋಟದ ಗುರುತು ರಾಚವ್ವನಿಗೆ ಚೆನ್ನಾಗಿತ್ತು.

“ನೀನ ಅಂತಿದ್ದೆಲ್ಲ,” ಎಂದ ಹನುಮೇಶ. “ಯಾರದೋ ತಲಿ ಮ್ಯಾಲಿನ ಅರಿವಿ, ಯಾರದೋ ದೇವರು, ನಮಗ್ಯಾಕ ಅಂತ.”

“ಅಂತಿದ್ದೆ. ನಾಯಿಗೆ ಮುಂಡಾಸ ಸುತ್ತಿದ್ರ ಶಾನುಭೋಗ ಆಗತೈತೇನು ಅಂತಾನೂ ಅಂದೇನಿ. ಈಗ ಅನ್ನಂಗಿಲ್ಲ.” ರಾಚವ್ವ ಸೋಪಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಸಡಿಲಾಗಿದ್ದ ಸುತ್ತನ್ನು ಎಳೆದು ಬಿಗಿ ಮಾಡಿ, ತುದಿಯನ್ನು ಒಳಗೆ ಸಿಕ್ಕಿಸಿದಳು. “ಹೋಗಿ ನಿಂದರ್ರಿ. ಗೇಟ್ ತೆಗೀರಿ, ಕೈ ಮುಗೀರಿ. ಅಷ್ಟ ನಿಮ್ಮ ಕೆಲಸ.”

ಏಳು ಗಂಟೆಗೆ ದೇವದಾಸರು ಬಂದಾಗ ಗಾಜಿನ ಪೆಟ್ಟಿಗೆಯ ಹಿಂದೆ ರಾಚವ್ವ ಕುಳಿತಿದ್ದಳು.

“ಪಾತ್ರೆ ಯಾರು ತೊಳೆಯುವುದು?”

“ನಾನ ರೀ. ಗಿರಾಕಿ ಇಲ್ಲದಾಗ ಓಡಿ ಹೋಗಿ ತೊಳೀತೀನ್ರಿ.”

ದೇವದಾಸರು ಅವಳನ್ನು ನೋಡಿದರು, ಅವಳ ಗಂಡನನ್ನು ನೋಡಿದರು. “ಯಾರು ಮಾರಿದರೆ ನನಗೆಂತ,” ಎಂದು ಒಳಗೆ ನಡೆದರು.

ಸ್ವಲ್ಪ ಹೊತ್ತಿಗೆ ಉಡುಪಿ ಕಡೆಯಿಂದ ಬಂದ ಕಾರೊಂದು ನಿಂತಿತು. ಇಳಿದವರೊಬ್ಬರು ನೇರ ಹನುಮೇಶನ ಬಳಿಗೇ ಹೋಗಿ ಸಿಗರೇಟು ಕೇಳಿದರು. ಅವನು ಕೈ ಮುಗಿದು ಹಾಗೇ ನಿಂತ.

“ಇಲ್ಲಿ ಬರ್ರಿ ಸಾರ್,” ಎಂದು ರಾಚವ್ವ ಕರೆದಳು. “ಅವರ ಮಂದಿ ಇದನ್ನ ಮುಟ್ಟಂಗಿಲ್ರಿ.”

“ಹೌದಾ? ಸರ್ದಾರ್ಜಿಯವರಿಗೆ ಅಷ್ಟು ಕಟ್ಟುನಿಟ್ಟು ಉಂಟಾ?” ಅವರು ಪೊಟ್ಟಣ ಕಿಸೆಗೆ ಹಾಕಿಕೊಂಡು, ಅವಳ ಹಣೆಯ ವಿಭೂತಿಯನ್ನೂ ಕಂದಿದ ಇಳಕಲ್ ಸೀರೆಯನ್ನೂ ನೋಡಿದರು. “ನೀನು ಘಟ್ಟದ ಮೇಲಿನವಳಲ್ವಾ? ಇವರಿಗೆ ಎಂತ ಆಗಬೇಕು?”

ರಾಚವ್ವ ಸೆರಗನ್ನು ತಲೆಯ ಮೇಲೆ ಸರಿಯಾಗಿ ಎಳೆದುಕೊಂಡಳು.

“ನಾ ಅವರ ಹೇಂತಿ ಆಗಬೇಕ್ರಿ.”