ಅಪ್ಪನ ತಲೆಶೂಲೆ, ಅಜ್ಜಿಯ ಸುಂಠಿ

ಸುಂಠಿ ಚಹಾದ ವಾಸನೆ ಬಂದರೆ ಈಗಲೂ ನನಗೆ ಬೈಲಹೊಂಗಲದ ಆ ಮಧ್ಯಾಹ್ನ ನೆನಪಾಗುತ್ತದೆ.

ಚಳಿಗಾಲ ಬಂತೆಂದರೆ ದಿನಾ ಎರಡು ಗಂಟೆಗೆ ಅಪ್ಪನ ಬಲಗಣ್ಣಿನ ಹಿಂದೆ ಶೂಲೆ ಏಳುತ್ತಿತ್ತು. ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಿದ್ದ. ಅಜ್ಜಿ ಸುಂಠಿ ತೇಯ್ದು ಬಳಿಯುತ್ತಿದ್ದಳು. ಒಂದು ದಿನವೂ ಇಳಿಯಲಿಲ್ಲ. ಅಂದು ಹೊಸ ಡಾಕ್ಟರು ಅದೇ ಹೊತ್ತಿಗೆ ದವಾಖಾನೆಗೆ ಕರೆಸಿ, ಅಪ್ಪನ ಮುಖಕ್ಕೆ ಆಕ್ಸಿಜನ್ ಮಾಸ್ಕ್ ಹಾಕಿದರು. ನಮ್ಮ ಓಣಿಯಲ್ಲಿ ಅದನ್ನು ಹಾಕಿಸಿಕೊಂಡವರು ಯಾರೂ ಮನೆಗೆ ಮರಳಿರಲಿಲ್ಲ.

“ನನ್ನ ಮಗಾ ಹೋದ್ನೋ ಶಿವನೇ!” ಅಜ್ಜಿ ಎದೆ ಬಡಿದುಕೊಂಡಳು.

“ಅಜ್ಜಿ, ಈ ಶೂಲೆಗೆ ಆಕ್ಸಿಜನ್ನೇ ಔಷಧ. ಹದಿನೈದ್ ಮಿನಿಟ್ ತಡೀರಿ,” ಎಂದರು ಡಾಕ್ಟರು.

ಅಷ್ಟರೊಳಗೇ ಅಪ್ಪ ತಾನಾಗಿ ಮಾಸ್ಕ್ ತೆಗೆದ. “ಯವ್ವಾ, ಅಳೂದ್ ಬಿಡ. ಬುತ್ತಿ ಬಿಚ್ಚ, ಹೊಟ್ಟಿ ಹಸದೈತಿ.”

ಮನೆಗೆ ಬಂದ ಅಜ್ಜಿ ಉಳಿದ ಸುಂಠಿಯನ್ನೆಲ್ಲ ಕುಟ್ಟಿ, ಚಹಾಕ್ಕೆ ಹಾಕಿ, ಓಣಿಗೆಲ್ಲ ಕುಡಿಸಿದಳು.