ಹೆಚ್ಚಿಗೆ ಉಳಿದ ರಿಂಗು

ಕೊನೆಯ ಬೋಲ್ಟು ಬಿಗಿದು ತಂಗಿ ಕಾರಿನಡಿಯಿಂದ ಹೊರಗೆ ಬಂದಾಗ ಅಣ್ಣನ ಮುಖ ಸಪ್ಪಗಾಯಿತು. ಬೆಳಿಗ್ಗೆ ಒಂಬತ್ತರಿಂದ ಅವಳ ಶೆಡ್ಡಿನಲ್ಲಿ ಬಕೆಟ್ಟು ಬೋರಲು ಹಾಕಿಕೊಂಡು ಅದರ ಮೇಲೆ ಕೂತಿದ್ದ, ಒಂದಾದರೂ ತಪ್ಪು ಕಣ್ಣಿಗೆ ಬೀಳಲಿ ಎಂದು. ಬಿದ್ದಿರಲಿಲ್ಲ. ಅವನು ಮೂವತ್ತು ವರ್ಷದಿಂದ ಗ್ಯಾರೇಜು ನಡೆಸುತ್ತಿದ್ದವನು. ಅವಳು ಹಲ್ಲಿನ ಡಾಕ್ಟರು. ತನ್ನ ಎರಡು ಸೀಟಿನ ಸ್ಪೋರ್ಟ್ಸ್ ಕಾರಿಗೆ ಗಿಡ್ಡನೆಯ ಹೊಸ ಗೇರ್ ಲಿವರ್ ತರಿಸಿ, ಫೋನಿನಲ್ಲಿ ವಿಡಿಯೊ ನೋಡಿಕೊಂಡು ತಾನೇ ಕೂರಿಸಲು ಹೊರಟಿದ್ದಳು. ಅಣ್ಣನಿಗೆ ಒಂದು ಮಾತು ಹೇಳಿರಲಿಲ್ಲ. ಅವಳ ಗಂಡ ಬಾಯಿತಪ್ಪಿ ಅಂದದ್ದರಿಂದ ಗೊತ್ತಾಗಿತ್ತು.

"ಊರ ಗಾಡಿಯೆಲ್ಲ ನನ್ನ ಹತ್ರ ಬರುತ್ತೆ. ಹಿತ್ತಲ ಗಿಡ ಮದ್ದಲ್ಲ, ಬಿಡು," ಅಂದ.

"ಹಾಗಲ್ಲ ಅಣ್ಣಾ. ನಿನಗೆ ಕೊಟ್ರೆ ನೀನು ಮಾಡ್ತೀಯ. ನಾನೇ ಮಾಡ್ಬೇಕು ಅಂತಿತ್ತು ನಂಗೆ." ಅವಳು ಬಾಗಿಲು ತೆಗೆದಳು. "ಗೇರು ಹಾಕಿ ನೋಡು, ಹೇಗಿದೆ."

ಅವನು ಸೀಟಿನಲ್ಲಿ ಕೂತು ಕ್ಲಚ್ಚು ಒತ್ತಿ ಲಿವರ್ ಆಡಿಸಿದ. ಒಂದು, ಎರಡು, ಮೂರು. ಮೊದಲು ಗೇಣುದ್ದ ಆಡುತ್ತಿದ್ದ ಲಿವರ್ ಈಗ ಎರಡು ಬೆರಳಗಲ ಸರಿದರೆ ಸಾಕು, ಬೆಣ್ಣೆಯಲ್ಲಿ ಕೂದಲು ಎಳೆದಷ್ಟು ಸಲೀಸಾಗಿ ಗೇರು ಬೀಳುತ್ತಿತ್ತು. ಶಭಾಷ್ ಅನ್ನುವ ಕೆಲಸ. "ಪರವಾಗಿಲ್ಲ," ಅಂದ.

ಅವಳಿಗೆ ಅಷ್ಟೇ ಸಾಕಾಯಿತು. "ನಾಳೆ ಬೆಳಿಗ್ಗೆ ಬೆಟ್ಟದ ರಸ್ತೆಗೆ ಒಯ್ತೀನಿ. ಇರು, ಕೈ ತೊಳ್ಕೊಂಡು ಕಾಫಿ ತರ್ತೀನಿ," ಎಂದು ಒಳಗೆ ಹೋದಳು.

ಅಣ್ಣ ಒಬ್ಬನೇ ಉಳಿದ. ಎದುರಿಗೆ ಅವಳ ಆಸ್ಪತ್ರೆಯ ಸ್ಟೀಲ್ ಟ್ರೇ. ಬಿಚ್ಚಿದ ಬೋಲ್ಟುಗಳನ್ನು ಕಿತ್ತ ಹಲ್ಲಿನ ಹಾಗೆ ಸಾಲಾಗಿ ಇಟ್ಟುಕೊಂಡಿದ್ದಳು, ಈಗ ಅದು ಖಾಲಿ. ಆ ಖಾಲಿ ಟ್ರೇಯನ್ನೇ ನೋಡುತ್ತ ಕೂತ. ಷರ್ಟಿನ ಜೇಬಿನಲ್ಲಿ ಯಾವುದೋ ಹಳೆಯ ವ್ಯಾನಿನ ಲಾಕ್ ರಿಂಗು ವಾರದಿಂದ ಬಿದ್ದಿತ್ತು. ಇಂಥದ್ದು ಮಾಡಬೇಕು ಎಂದು ಅಂದುಕೊಳ್ಳುವ ಮೊದಲೇ ಕೈ ಜೇಬಿಗೆ ಹೋಗಿ ಬಂತು. ಟ್ರೇಯಲ್ಲಿ ಟಿಣ್ ಎಂದಿತು.

"ಇದೇನಿದು?" ಕಾಫಿ ಹಿಡಿದು ಬಂದ ತಂಗಿ ಅಲ್ಲೇ ನಿಂತಳು. "ಒಂದು ಉಳಿದಿದೆಯಲ್ಲ!"

"ಉಳಿಯುತ್ತೆ ಪುಟ್ಟೀ. ಮೊದಮೊದಲು ಎಲ್ಲರಿಗೂ ಉಳಿಯುತ್ತೆ." ಅಣ್ಣ ಕಾಫಿ ಹೀರಿದ. ಬಹಳ ರುಚಿಯಾಗಿತ್ತು. "ವಿಡಿಯೊದಲ್ಲಿ ಹೇಳಿಲ್ವೇನು?"

ಇನ್ನು ಸ್ಪ್ಯಾನರ್ ತನ್ನ ಕೈಗೆ ಬರುತ್ತದೆ ಎಂದುಕೊಂಡ. ಬರಲಿಲ್ಲ. ಅವಳು ತನ್ನ ಲೋಟವನ್ನು ಮುಟ್ಟದೆ ಪಕ್ಕಕ್ಕಿಟ್ಟು, ಹಲ್ಲು ನೋಡುವ ಕನ್ನಡಿಯೊಂದನ್ನು ಹಿಡಿದು ಮತ್ತೆ ಕಾರಿನಡಿಗೆ ನುಸುಳಿದಳು. ಅರ್ಧ ಗಂಟೆ ಕಳೆಯಿತು. ಅಡಿಯಿಂದ ಕಾಣುತ್ತಿದ್ದದ್ದು ಅವಳ ಎರಡು ಪಾದ ಮಾತ್ರ. ಚಿಕ್ಕಂದಿನಲ್ಲಿ ಮಂಚದಡಿ ಅವಿತಾಗಲೂ ಹೀಗೇ ಕಾಲು ಹೊರಗೆ ಬಿಟ್ಟು ಸಿಕ್ಕಿಬೀಳುತ್ತಿದ್ದಳು. ಅಣ್ಣನಿಗೆ ನಾಚಿಕೆಯಾಯಿತು. ಹೇಳಿಬಿಡೋಣ ಎಂದು ಬಾಯಿ ತೆರೆಯುವಷ್ಟರಲ್ಲಿ ಅವಳ ದನಿ ಬಂತು.

"ಅಣ್ಣಾ. ಟಾರ್ಚ್ ಹಿಡಿ."

ಅವನು ಅಂಗಾತ ಮಲಗಿ ಬೆಳಕು ಬಿಟ್ಟ. ಲಿವರಿನ ಬುಡವನ್ನು ಗೇರ್ ಬಾಕ್ಸಿನ ಸಲಾಕೆಗೆ ಸೇರಿಸುವ ಪಿನ್ನಿನ ಹಿಂದೆ ಅವಳು ಕನ್ನಡಿ ಹಿಡಿದಿದ್ದಳು. ಪಿನ್ನನ್ನು ಕಾಯಬೇಕಾದ ಕ್ಲಿಪ್ಪು ತನ್ನ ಕಚ್ಚಿನಲ್ಲಿ ಕೂತಿರಲಿಲ್ಲ, ಅಂಚಿನ ಮೇಲೆ ನಿಂತಿತ್ತು. ಉಗುರು ತಾಗಿಸಿದ್ದೇ ತಡ, ಅವಳ ಅಂಗೈಗೆ ಬಿತ್ತು. ಕಾರು ರಸ್ತೆಯ ನಾಲ್ಕು ಗುಂಡಿ ಹಾರಿದ್ದರೆ ಸಾಕಿತ್ತು. ನಾಳೆ ಬೆಟ್ಟದ ಇಳಿಜಾರಿನಲ್ಲಿ ಲಿವರ್ ಅವಳ ಕೈಯಲ್ಲಿ ಬರೀ ಸೌಟಿನ ಹಾಗೆ ತಿರುಗುತ್ತಿತ್ತು. ಅಣ್ಣ ಕ್ಲಿಪ್ಪು ಬಿಟ್ಟು ಅವಳ ಮುಖ ನೋಡಿದ, ಬೆಳಕೂ ಅತ್ತ ಸರಿಯಿತು.

"ನೆಟ್ಟಗೆ ಹಿಡಿ," ಅಂದಳು ತಂಗಿ. ಕ್ಲಿಪ್ಪನ್ನು ಕಚ್ಚಿಗೆ ಕೂರಿಸಿದಳು, ಎಳೆದು ನೋಡಿದಳು, ಇನ್ನೊಮ್ಮೆ ಎಳೆದು ನೋಡಿದಳು. ಹೊರಗೆ ಬಂದವಳು ಟ್ರೇಯ ರಿಂಗನ್ನು ಬೆರಳಲ್ಲಿ ಎತ್ತಿದಳು. "ಎಲ್ಲ ಸೇರಿತು. ಹಾಗಾದ್ರೆ ಇದು ಎಲ್ಲಿಂದು?"

"ನನ್ನ ಜೇಬಿಂದು," ಅಂದ ಅಣ್ಣ. "ನಾನೇ ಹಾಕ್ದೆ."

ಸ್ಪ್ಯಾನರ್ ತನ್ನ ತಲೆಗೇ ಬರುತ್ತದೆ ಎಂದು ಕಾದ. ಅವಳ ಕಣ್ಣು ತುಂಬಿಕೊಂಡವು.

"ನಿಂಗೆ ಆಗ್ಲೇ ಗೊತ್ತಾಗಿತ್ತು! ಬಾಯಿಬಿಟ್ಟು ಹೇಳಿದ್ರೆ ನಾನು ಹಟ ಹಿಡೀತೀನಿ ಅಂತ, ನಾನೇ ಕಂಡುಹಿಡೀಲಿ ಅಂತ..."

"ಅಯ್ಯೋ, ಅಲ್ಲ ಕಣೇ. ನಾನು ಹೊಟ್ಟೆಕಿಚ್ಚಿಗೆ..."

"ಸುಮ್ನಿರು. ನಿನ್ನ ಗುಣ ನಂಗೆ ಗೊತ್ತಿಲ್ವಾ? ಮಾಡಿದ್ದನ್ನ ಯಾವತ್ತು ಹೇಳ್ಕೊಂಡಿದ್ದೀಯ ನೀನು?" ಸೆರಗಿಲ್ಲದ್ದಕ್ಕೆ ಕೆಲಸದ ಅಂಗಿಯ ತೋಳಿನಲ್ಲೇ ಕಣ್ಣು ಒರೆಸಿಕೊಂಡಳು, ಕೆನ್ನೆಗೆ ಗ್ರೀಸು ಮೆತ್ತಿತು. "ಅದೆಲ್ಲ ಇರಲಿ, ನಿಜ ಹೇಳು. ಹೇಗೆ ಗೊತ್ತಾಯ್ತು ನಿಂಗೆ?"

ಅಣ್ಣ ಅವಳ ಮುಖ ನೋಡಿದ. ಎರಡು ಸಲ ನಿಜ ಹೇಳಿ ನೋಡಿದ್ದಾಗಿತ್ತು. ಮೂರನೆಯ ಸಲಕ್ಕೆ ಅವನಲ್ಲಿ ಧೈರ್ಯ ಉಳಿದಿರಲಿಲ್ಲ.

"ಮೂರನೇ ಗೇರಿಗೆ ಹಾಕ್ದಾಗ," ಅಂದ. "ಸಣ್ಣಗೆ ಒಂದು ಶಬ್ದ ಬಂತು."

ತಂಗಿ ಒಂದು ಕ್ಷಣ ಯೋಚಿಸಿದಳು. ಆಮೇಲೆ ನಿಧಾನವಾಗಿ ತಲೆಯಾಡಿಸಿದಳು.

"ಹೂಂ ಅಣ್ಣಾ. ನಂಗೂ ಕೇಳಿಸಿತ್ತು."