ದಾಕ್ಷಾಯಣಮ್ಮ ಆರಿಸಿದ ಗಾಳ

ವನಮಾಲಾ ತಂದಿದ್ದ ಗಾಳದ ಕೋಲಿನ ರೀಲು ಜಪ್ಪಯ್ಯ ಅಂದರೂ ತಿರುಗುತ್ತಿರಲಿಲ್ಲ. ದಾಕ್ಷಾಯಣಮ್ಮ ಅದನ್ನು ಹಳೇ ಪೇಪರಿನ ಮೇಲಿಟ್ಟು ಬಿಚ್ಚಿದರು. ಒಳಗೆ ಮರಳು, ಒಣಗಿದ ಪಾಚಿ. ಸೀಮೆಎಣ್ಣೆಯಲ್ಲಿ ಅದ್ದಿದ ಬ್ರಷ್ಷಿನಿಂದ ಉಜ್ಜಿ, ಒರೆಸಿ, ಹೊಲಿಗೆ ಮಿಷನ್ನಿನ ಎಣ್ಣೆ ಒಂದೆರಡು ತೊಟ್ಟು ಬಿಟ್ಟು ಹಿಡಿ ತಿರುಗಿಸಿದರೆ, ರೀಲು ಸದ್ದೇ ಇಲ್ಲದೆ ಓಡಿತು.

"ನೀರಿಂದ ಬಂದಕೂಡ್ಲೇ ಒರೆಸಿಡ್ಬೇಕು ಮಾರಾಯ್ತಿ. ದಾರಾನೂ ಬಿಸಿಲಲ್ಲಿ ನೇತುಹಾಕಿದ್ಯಲ್ಲ, ನೋಡು," ಎಂದು ನೈಲಾನ್ ದಾರದ ತುದಿಯನ್ನು ಎರಡೂ ಕೈಗೆ ಸುತ್ತಿ ಜಗ್ಗಿದರು. ಪಟ್ಟನೆ ತುಂಡಾಯಿತು. "ಇದನ್ನ ನಂಬ್ಕೊಂಡು ಮೀನಿಗೆ ಹೋಗ್ತೀಯಾ?"

ವನಮಾಲಾ ಹಿನ್ನೀರಿನ ಅಂಚಿನ ಹಳ್ಳಿಯಲ್ಲಿ ಅಂಗನವಾಡಿ ಟೀಚರ್. ಅಪ್ಪನಿಂದ ಬಂದ ಗಾಳದ ಹುಚ್ಚು. ಎನ್.ಆರ್. ಪುರದ ಪೇಟೆಗೆ ಬಂದಾಗಲೆಲ್ಲ, ಹಗ್ಗ, ಕತ್ತಿ, ಕೊಡಪಾನ ಮಾರುವ ಈ ಅಂಗಡಿಗೆ ಬಾರದೆ ಹೋದವಳಲ್ಲ. ಇಲ್ಲಿ ಗಾಳದ ವ್ಯಾಪಾರ ಶುರುಮಾಡಿದ್ದು ದಾಕ್ಷಾಯಣಮ್ಮನೇ. ಕೊರಳಲ್ಲಿ ಲಿಂಗ ಕಟ್ಟಿದ, ಮೊಟ್ಟೆಯನ್ನೂ ಮುಟ್ಟದ ಹೆಂಗಸು. ಗಂಡ ಷಡಕ್ಷರಿಗೆ ಇದು ಇಷ್ಟವಿಲ್ಲ. ಆದರೆ ದಾಕ್ಷಾಯಣಮ್ಮ ಕೈಯಾರೆ ಆರಿಸಿಕೊಟ್ಟ ಗಾಳಕ್ಕೆ ಮೀನು ಬಿದ್ದೇ ಬೀಳುತ್ತದೆಂದು ಊರೆಲ್ಲ ಮಾತು. ಅವರು ಮೊನೆಯನ್ನು ಉಗುರಿನ ಮೇಲೆ ಎಳೆದು ನೋಡುತ್ತಿದ್ದರು. ಜಾರಿದರೆ ಮೊಂಡು, ಕಚ್ಚಿದರೆ ಚೂಪು. ಮಳೆಗಾಲದ ಥಂಡಿಗೆ ತುಕ್ಕು ಹಿಡಿಯದಂತೆ ಎಣ್ಣೆ ಸವರಿ, ಗಾಜಿನ ಬಾಟಲಿಗಳಲ್ಲಿ ಬಿಗಿಯಾಗಿ ಮುಚ್ಚಿಡುತ್ತಿದ್ದರು. ಗಿರಾಕಿಗಳಿಲ್ಲದ ಮಧ್ಯಾಹ್ನ ದಾರ ಸುತ್ತುತ್ತ ಕೂತರೆ ಅಂಗಡಿಯೊಳಗೆ ಮೆಲ್ಲಗೆ ಹಸಿರು ನೀರು ತುಂಬಿಕೊಳ್ಳುತ್ತಿತ್ತು. ಹಗ್ಗದ ಸುರುಳಿಗಳು ಬಳ್ಳಿಗಳಂತೆ ಓಲಾಡುತ್ತಿದ್ದವು. ತಾವು ತಳದಲ್ಲಿ ಕೂತು, ಮೇಲೆಲ್ಲೋ ಮಿನುಗುವ ಬೆಳಕನ್ನು ನೋಡುತ್ತಿರುವಂತೆ ಅವರಿಗೆ ಅನ್ನಿಸುತ್ತಿತ್ತು.

"ಅಮ್ಮಾ, ಇಷ್ಟೆಲ್ಲ ಗೊತ್ತಿದ್ದೂ ಮೀನು ಹಿಡಿಯೋದನ್ನ ಒಂದ್ಸಲನಾದ್ರೂ ನೋಡಿದ್ದೀರಾ?"

"ನಾನೆಲ್ಲಿ ನೋಡ್ಲಿ!"

"ಭಾನುವಾರ ಬನ್ನಿ. ನಮ್ಮ ತೆಪ್ಪ ಇದೆ."

ಒಳಗಿದ್ದ ಷಡಕ್ಷರಿ ತಲೆಯೆತ್ತಿದರು. ಬೈಯುತ್ತಾರೆಂದುಕೊಂಡರೆ, "ಹೋಗಿ ಬಾ ದಾಕ್ಷಾಯಣಿ. ಆ ಜೀವ ಒದ್ದಾಡೋದನ್ನ ಕಣ್ಣಾರೆ ನೋಡು. ಆಮೇಲೂ ಮಾರ್ತೀನಿ ಅಂದ್ರೆ ನಾನು ತುಟಿ ಬಿಚ್ಚಲ್ಲ," ಎಂದರು.

ಭಾನುವಾರ ಬೆಳಿಗ್ಗೆ ಹಿನ್ನೀರಿನ ಮೇಲೆ ಮಂಜು ಹಾಲಿನ ಕೆನೆಯಂತೆ ಕಟ್ಟಿತ್ತು. ವನಮಾಲಾ ಮೊಬೈಲನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು ಹುಟ್ಟು ಹಾಕಿದಳು. ದಡ ಕರಗಿತು. ಆಕಾಶವೆಲ್ಲಿ ಮುಗಿಯಿತು, ನೀರೆಲ್ಲಿ ಶುರುವಾಯಿತು ತಿಳಿಯದಾಯಿತು. ಒಂದು ಬೆಳ್ಳಕ್ಕಿ ಯಾವುದಕ್ಕೂ ಆತುಕೊಳ್ಳದೆ ಬರಿಯ ಬಿಳುಪಿನಲ್ಲಿ ನಿಂತಿತ್ತು. ದಾಕ್ಷಾಯಣಮ್ಮನಿಗೆ ತಾವು ಎಚ್ಚರವಾಗಿದ್ದೇವೋ ಇಲ್ಲವೋ ಎಂಬ ಅನುಮಾನ. ಅಂಗಡಿಯ ಮಧ್ಯಾಹ್ನಗಳಲ್ಲಿ ಕಂಡದ್ದು ಇದೇ ನೀರು, ಇದೇ ಬೆಳಕು.

"ಎರೆಹುಳ ಮುಟ್ಟಲ್ಲಮ್ಮ ನಾನು," ಎಂದರು ಮೊದಲೇ.

"ಹುಳ ಯಾಕೆ? ಗೌರಿ ಮೀನಿಗೆ ಗೋಧಿಹಿಟ್ಟೇ ಸಾಕು." ವನಮಾಲಾ ಒಂದು ಹಿಟ್ಟಿನ ಮುದ್ದೆ ಕೊಟ್ಟಳು.

"ಚಪಾತಿ ಹಿಟ್ಟಾ? ಗೌರಿ ಅಂತ ಬೇರೆ ಹೆಸರಾ?" ಅವರಿಗೆ ನಗು ಬಂತು. ನಗುತ್ತಲೇ ಪುಟ್ಟ ಉಂಡೆ ಮಾಡಿ, ತಾವೇ ಆರಿಸಿದ ಗಾಳದ ಮೊನೆ ಮುಚ್ಚುವಂತೆ ಮೆತ್ತಿದರು. ವನಮಾಲಾ ಬೀಸಿ ಎಸೆದು ಕೋಲನ್ನು ಅವರ ಕೈಗೇ ಕೊಟ್ಟುಬಿಟ್ಟಳು. "ದಾರದ ಮೇಲೆ ಬೆರಳಿಟ್ಕೊಂಡು ಸುಮ್ನೆ ಕೂತ್ಕೊಳ್ಳಿ."

ಎಷ್ಟು ಹೊತ್ತು ಹೋಯಿತೋ. ದಾರ ಉಸಿರಾಡಿದಂತಾಯಿತು. ಮತ್ತೊಮ್ಮೆ. ಬಸುರಿನಲ್ಲಿ ಮಗಳು ಮೊದಲ ಸಲ ಮಿಸುಕಿದಾಗ ಹೀಗೇ ಆಗಿತ್ತು. ಹೌದೋ ಅಲ್ಲವೋ ಎನ್ನುವಷ್ಟು ಮೆಲ್ಲಗೆ. ಆಮೇಲೆ ಕೋಲು ಬಿಲ್ಲಾಗಿ ಬಾಗಿತು.

"ಎಳೀರಿ! ಬೇಡ, ಸ್ವಲ್ಪ ಬಿಡಿ! ಈಗ ಸುತ್ತಿ ಅಮ್ಮಾ!"

ಅವರು ಸುತ್ತಿದರು, ಬಿಟ್ಟರು, ಮತ್ತೆ ಸುತ್ತಿದರು. ಸೆರಗು ನೀರಿಗೆ ಬಿತ್ತು, ಎತ್ತಿಕೊಳ್ಳಲಿಲ್ಲ. ಕಾಣದ ಒಂದು ಜೀವ ಆ ತುದಿಯಲ್ಲಿ, ತಾವು ಈ ತುದಿಯಲ್ಲಿ, ನಡುವೆ ಕೂದಲಿನಷ್ಟು ದಾರ. ಅಂಗಡಿ, ಮನೆ, ಷಡಕ್ಷರಿ, ಯಾವುದೂ ನೆನಪಿರಲಿಲ್ಲ. ಬಾಯಿಂದ ತಮಗೇ ಗೊತ್ತಿಲ್ಲದ ಒಂದು ಕೇಕೆ ಹೊರಟು ನೀರಿನ ಮೇಲೆ ದೂರ ಹೋಯಿತು.

ಮೀನು ತೆಪ್ಪದೊಳಗೆ ಬಿತ್ತು. ಬಂಗಾರದ ಬಣ್ಣ, ಮಡಿಲು ತುಂಬುವಷ್ಟು ದೊಡ್ಡದು. ಅದು ಬಾಯಿ ತೆರೆಯಿತು, ಮುಚ್ಚಿತು, ತೆರೆಯಿತು. ಗಾಳ ತುಟಿಯ ಮೂಲೆಯಲ್ಲಿ ಸರಿಯಾಗಿ ಕೂತಿತ್ತು.

"ನಮ್ಮತ್ತೆ ಖಾರ ಅರೆದಿಟ್ಟು ಕಾಯ್ತಾ ಇದ್ದಾರೆ," ಎನ್ನುತ್ತ ವನಮಾಲಾ ಗಾಳ ಬಿಡಿಸಿ, ಮೀನನ್ನು ಗೋಣಿಚೀಲಕ್ಕೆ ಹಾಕಿದಳು. ಚೀಲ ಹೊರಳಾಡಿತು. ಹೊರಳಾಟ ನಿಧಾನವಾಯಿತು. ನಿಂತಿತು. ದಾಕ್ಷಾಯಣಮ್ಮ ಅದನ್ನೇ ನೋಡುತ್ತಿದ್ದರು. ಕೈಗಳು ಮಾತ್ರ ಹಿಟ್ಟಿನ ಮುದ್ದೆಯಿಂದ ಇನ್ನೊಂದು ಉಂಡೆ ಮಾಡಿ ಮುಗಿಸಿದ್ದವು.

ಸಂಜೆ ಮನೆಗೆ ಬಂದವರು ಸ್ನಾನ, ಪೂಜೆ ಮುಗಿಸಿ ನೇರ ಅಂಗಡಿಗೆ ಹೋಗಿ ಗಾಳದ ಬಾಟಲಿಗಳನ್ನೆಲ್ಲ ಒಂದು ರಟ್ಟಿನ ಪೆಟ್ಟಿಗೆಗೆ ತುಂಬತೊಡಗಿದರು. ಷಡಕ್ಷರಿ ಬಂದು ಬಾಗಿಲಲ್ಲಿ ನಿಂತರು.

"ಏನೇ ಇದು?"

"ವನಮಾಲಾಗೆ ಕೊಟ್ಬಿಡ್ತೀನಿ. ಇನ್ನು ಈ ವ್ಯಾಪಾರ ಬೇಡ ಕಣ್ರೀ."

ಷಡಕ್ಷರಿ ಗೆದ್ದವರಂತೆ ಬೀಗಲಿಲ್ಲ. ಹತ್ತಿರ ಬಂದು ಮೆಲ್ಲಗೆ ಕೇಳಿದರು, "ಪಾಪ ಅನ್ನಿಸ್ತಾ?"

ದಾಕ್ಷಾಯಣಮ್ಮನ ಕೈ ಬಾಟಲಿಯೊಂದರ ಮೇಲೆ ನಿಂತಿತು.

"ಅನ್ನಿಸ್ಲೇ ಇಲ್ಲ ರೀ. ಅದಕ್ಕೇ ಬೇಡ."